ಹನ್ನೆರಡು ಶಬ್ದದ ಹಾಡು

ನವೆಂಬರ್ ೧೮, ಸೋಮವಾರ

ಇವತ್ತೂ ಅದೇ. ಬೆಳಿಗ್ಗೆ ಹೆಗಡೇರ ಅಂಗಳ, ಸಂಜೆ ಮನೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತು ಕೂತು ಸೊಂಟ ಮರಗಟ್ಟಿದೆ. ಹಸಿ ಅಡಿಕೆಯ ಕರೆ ಬೆರಳಿನಿಂದ ಹೋಗುವುದಿಲ್ಲ. ನಿಂಬೆಹಣ್ಣು, ಸೋಪು, ಬೂದಿ — ಎಲ್ಲ ಆಯಿತು. ಪೆನ್ನು ಹಿಡಿದರೂ ಕಣ್ಣಿಗೆ ಬೀಳುವುದು ಕಪ್ಪು ಬೆರಳೇ.

ಕಮಲಾಕರ ಹೆಗಡೇರು ಈ ಸಲ ಹೆಚ್ಚು ಖೇಣಿ ಹಿಡಿದಿದ್ದಾರೆ. ಬೇರೆಯವರ ತೋಟದ ಫಸಲು ಪೂರ್ತಿ ಕೊಂಡು ಸಿದ್ದಾಪುರದ ತಮ್ಮ ಅಂಗಳಕ್ಕೆ ತರಿಸುತ್ತಾರೆ. ಸುಲಿಯುವುದು ನಾವು. ಹಾವೇರಿ ಕಡೆಯಿಂದಲೂ ಹೆಂಗಸರು ಬಂದಿದ್ದಾರೆ, ಸುಗ್ಗಿ ಮುಗಿಯುವ ತನಕ ಅವರ ಬಿಡಾರ ಇಲ್ಲೇ. ನನ್ನ ಪಕ್ಕದಲ್ಲಿ ಕೂರುವವಳು ಮುರಿಗೆವ್ವ. ಅಮ್ಮನಿಗಿಂತ ದೊಡ್ಡವಳು. ದಿನವಿಡೀ ಮಾತಾಡುತ್ತಾಳೆ. ನಾನು ಹೂಂ ಅನ್ನುತ್ತೇನೆ. ಅವಳಿಗೆ ಅಷ್ಟು ಸಾಕು.

ಊಟದ ಹೊತ್ತಿಗೆ ಮಧುರಕ್ಕನ ಫೋನು. ದೊಡ್ಮನೆ ಊರಿನ ಕಡೆಯವರು, ಈಗ ಶಿರಸಿಯಲ್ಲಿ ಅಂಗಡಿ ಇಟ್ಟಿದ್ದಾರೆ. ನಾನು ಕಾಗದದ ಮೇಲೆ ಬರೆದ ಹಸೆ ಚಿತ್ತಾರ ಮಾರಿಕೊಡುವುದು ಅವರೇ.

"ಹೊರದೇಶದ ಬಟ್ಟೆಯವ್ರು ಒಪ್ಪಿದ್ರು ಕಣೆ. ನಿನ್ನ ಚಿತ್ತಾರದ ಎಳೆ ಅವ್ರ ಬಟ್ಟೆ ಮೇಲೆ ಬರ್ತದೆ. ಆದ್ರೆ ದುಡ್ಡು ನನ್ನ ಕೈಗೆ ಕೊಡೂದಿಲ್ವಂತೆ. ಬರೆದವ್ರಿಗೇ ನೇರ ಕಳಿಸ್ತಾರಂತೆ. ಕ್ರಿಪ್ಟೋ, ಇಂಟರ್ನೆಟ್ಟಿನ ದುಡ್ಡು. ನಾ ಕೊಟ್ಟ ಲ್ಯಾಪ್‌ಟಾಪಲ್ಲಿ ಒಂದು ವಾಲೆಟ್ ಮಾಡ್ಕೊಳ್ಬೇಕು ನೀನು."

"ಬ್ಯಾಂಕಿಗೆ ಹಾಕ್ಲಿಕ್ಕೆ ಆಗ್ದಾ ಅಕ್ಕ?"

"ಅವ್ರು ಹಾಗೆ ಕಳಿಸೂದಿಲ್ಲ. ಒಂದು ಲೆಕ್ಕದಲ್ಲಿ ನಿಂಗೆ ಒಳ್ಳೇದೇ."

ಒಳ್ಳೆಯದೇ. ಬ್ಯಾಂಕಿನ ಪುಸ್ತಕ ಇರುವುದು ನನ್ನ ಹೆಸರಿನಲ್ಲಿ, ಮೆಸೇಜು ಹೋಗುವುದು ಸುನೀಲಣ್ಣನ ಫೋನಿಗೆ. ಅಣ್ಣ ಕೆಟ್ಟವನಲ್ಲ. ಆದರೆ ನನ್ನ ಖಾತೆಗೆ ಏನು ಬಿದ್ದರೂ ಅವನಿಗೆ ಗೂಡ್ಸ್ ರಿಕ್ಷಾದ ಟೈರು ನೆನಪಾಗುತ್ತದೆ, ಅಪ್ಪನಿಗೆ ಗದ್ದೆಯ ಬೇಲಿ. ಕೇಳಿದರೆ ಇಲ್ಲ ಅನ್ನಲು ನನಗೆ ಬರುವುದಿಲ್ಲ. ಬಾಯಿ ಅಲ್ಲೇ ಕಟ್ಟುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೂ ಅದಕ್ಕೇ. ದೊಡ್ಡ ಶಾಲೆಯಲ್ಲಿ ಎದ್ದು ನಿಂತು ಹೆಸರು ಹೇಳಬೇಕಲ್ಲ ಎಂಬ ಹೆದರಿಕೆಗೆ.

ನನಗೆ ಬೇಕಾದದ್ದು ಒಂದು ಕೋಣೆ. ಹಿತ್ತಲ ಕಡೆ. ಮಣ್ಣಿನ ಗೋಡೆ, ಒಳಗಿನಿಂದ ಹಾಕುವ ಚಿಲಕ. ಈಗ ನಮ್ಮ ಮನೆಯ ಗೋಡೆಗೆಲ್ಲ ಆಯಿಲ್ ಪೇಂಟು. ಮದುವೆ ಬಂದರೂ ಚಿತ್ತಾರವನ್ನು ಕಾಗದದಲ್ಲಿ ಬರೆದು ಅಂಟಿಸುವುದು. ಒಂದು ಗೋಡೆ ನನ್ನದು ಅಂತ ಇದ್ದರೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚ ಹಿಡಿದು… ಇರಲಿ. ನಿದ್ದೆ ಬರುತ್ತಿದೆ.

ನವೆಂಬರ್ ೨೧, ಗುರುವಾರ

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದೆ. ಕರೆಂಟು ಇದ್ದರೆ ಮಾತ್ರ ಜೀವ. ಮೂರು ಸಲ ಆನ್ ಮಾಡಿದೆ, ಮೂರು ಸಲವೂ ಕರೆಂಟು ಹೋಯಿತು. ನಾಲ್ಕನೆಯ ಸಲ ವಾಲೆಟ್ಟಿನ ಹೆಸರು ಒತ್ತಿ ಹುಡುಕಿದೆ. ಮೇಲೆಯೇ ಬಂತು. ಮಧುರಕ್ಕ ಕಳಿಸಿದ್ದ ಅದೇ ಚಿತ್ರ, ಅದೇ ಬಣ್ಣ. ಒತ್ತುವ ಮುಂಚೆ ಮಧುರಕ್ಕನಿಗೆ ಫೋನು ಮಾಡಿದ್ದು ಒಳ್ಳೆಯದಾಯಿತು.

"ಎಷ್ಟನೇದು ಅದು? ಮೊದಲ್ನೇದಾ? ಅದ್ರ ಪಕ್ಕ ಸಣ್ಣಕ್ಕೆ ಜಾಹೀರಾತು ಅಂತ ಬರ್ದಿದ್ದಾರಾ ನೋಡು."

ಬರೆದಿತ್ತು.

"ಮುಟ್ಬೇಡ ಮಾರಾಯ್ತಿ. ಕಳ್ಳರೂ ದುಡ್ಡು ಕೊಟ್ಟು ಮೇಲೆ ಬಂದು ಕೂತಿರ್ತಾರೆ. ಹುಡುಕೂದೇ ಬೇಡ. ನಾ ವಿಳಾಸ ಹೇಳ್ತೆ, ಒಂದೊಂದೇ ಅಕ್ಷರ ಒತ್ತು."

ಅಕ್ಷರ ಅಕ್ಷರ ಹೇಳಿದರು. ನನಗೆ ಇಂಗ್ಲಿಷ್ ಅಕ್ಷರ ಗೊತ್ತು, ಓದುವುದು ನಿಧಾನ. ಹಿಂದಿನಿಂದ ಅವರ ಅಮ್ಮ ಸುಬ್ಬಲಕ್ಷ್ಮಿ ಅಮ್ಮನವರ ಸ್ವರ ಕೇಳಿತು — "ಎಂತದೇ ಅದು, ಅಷ್ಟೊತ್ತಿಂದ ಎಬಿಸಿಡಿ ಹೇಳ್ತಾ ಇದ್ದೆ?" ಮಧುರಕ್ಕ, "ಆಯಿ, ತಡಿ ಮಾರಾಯ್ತಿ, ಒಂದು ಅಕ್ಷರ ತಪ್ಪಿದ್ರೆ ಪೂರಾ ಹಾಳಾಗ್ತು" ಅಂದರು. ಅಷ್ಟರಲ್ಲಿ ಮತ್ತೆ ಕರೆಂಟು ಹೋಯಿತು. ಭಾನುವಾರ ನೋಡುವ ಅಂದರು.

ನವೆಂಬರ್ ೨೪, ಭಾನುವಾರ

ಆಯಿತು.

ಅಪ್ಪ, ಅಮ್ಮ, ಅಣ್ಣ ಮೂವರೂ ವಜ್ರಳ್ಳಿಗೆ ನೆಂಟರ ಮನೆಯ ಕಾರ್ಯಕ್ಕೆ ಹೋದರು. ನನಗೆ ತಲೆನೋವು ಅಂದೆ. ಸುಳ್ಳೂ ಅಲ್ಲ.

ಎಕ್ಸ್‌ಟೆನ್ಶನ್ ಅಂತ, ವಾಲೆಟ್ಟು ಬ್ರೌಸರಿನ ಮೂಲೆಯಲ್ಲಿ ಬಂದು ಕೂರುತ್ತದೆ. ಗುಬ್ಬಿಯ ಕಣ್ಣಿನಷ್ಟು ಚಿತ್ರ. ಉದ್ದದ ಪಾಸ್‌ವರ್ಡ್ ಮಧುರಕ್ಕ ಫೋನಿನಲ್ಲೇ ಹಾಕಿಸಿದರು. ಹುಟ್ಟಿದ ದಿನ ಬೇಡ, ಮನೆಯವರ ಹೆಸರು ಬೇಡ. ಆಮೇಲೆ ಕೇಳಿದರು —

"ಮನೇಲಿ ಯಾರಾರು ಇದ್ದಾರಾ?"

"ಇಲ್ಲ ಅಕ್ಕ."

"ಈಗ ಹನ್ನೆರಡು ಶಬ್ದ ಬರ್ತದೆ. ನಂಗೂ ಓದಿ ಹೇಳ್ಬೇಡ. ಪೋಟೋ ತೆಗೀಬೇಡ, ವಾಟ್ಸಾಪಿಗೆ ಹಾಕ್ಬೇಡ. ಕೈಯಲ್ಲಿ ಬರ್ಕೋ, ಅದೇ ಕ್ರಮದಲ್ಲಿ. ಎರಡು ಕಾಗದ. ಎರಡು ಬೇರೆ ಬೇರೆ ಕಡೆ ಇಡು. ಆ ಹನ್ನೆರಡು ಯಾರ ಹತ್ರ ಇದ್ಯೋ ದುಡ್ಡು ಅವ್ರದ್ದು, ತಿಳೀತಾ? ಪಾಸ್‌ವರ್ಡ್ ಮರೆತ್ರೂ ಅಡ್ಡಿಲ್ಲ. ಇದು ಹೋದ್ರೆ ಯಾವ ಆಫೀಸೂ ಇಲ್ಲ ಹೋಗಿ ಕೇಳ್ಲಿಕ್ಕೆ. ಕಂಪನಿಯವ್ರು ಅಂತ ಯಾರಾದ್ರೂ ಫೋನ್ ಮಾಡಿ ಕೇಳಿದ್ರೂ ಹೇಳ್ಬೇಡ. ನಾನೇ ಕೇಳಿದ್ರೂ ಹೇಳ್ಬೇಡ."

ಬಂತು. ಹನ್ನೆರಡೂ ಇಂಗ್ಲಿಷ್. ಒಂದಕ್ಕೊಂದು ಸಂಬಂಧ ಇಲ್ಲ. ನಾಲ್ಕರ ಅರ್ಥ ಗೊತ್ತು, ಉಳಿದದ್ದು ಗೊತ್ತಿಲ್ಲ. ಇಲ್ಲಿ ಬರೆಯುವುದಿಲ್ಲ. ಬೇರೆ ಕಾಗದದಲ್ಲಿ ಬರೆದೆ. ಒಂದೇ ಕಾಗದ. ಎರಡನೆಯದು ಬರೆಯುವಷ್ಟರಲ್ಲಿ ಗೇಟಿನ ಸದ್ದಾದ ಹಾಗೆ ಆಯಿತು. ದನ.

ಕೊನೆಗೆ ಆ ವಾಲೆಟ್ಟೇ ಪರೀಕ್ಷೆ ಮಾಡಿತು. ಮೂರನೆಯದು ಯಾವುದು, ಎಂಟನೆಯದು ಯಾವುದು ಅಂತ. ಸರಿಯಾಗಿ ಹೇಳಿದೆ. ಶಾಲೆಯಲ್ಲಿ ಕೂಡ ಇಷ್ಟು ಸರಿಯಾಗಿ ಹೇಳಿದ್ದು ನೆನಪಿಲ್ಲ. ಎದ್ದು ನಿಲ್ಲಬೇಕಾಗಿರಲಿಲ್ಲ, ಅದಕ್ಕೇ ಇರಬೇಕು.

ನವೆಂಬರ್ ೨೬

ಕಾಗದ ಎಲ್ಲಿಡುವುದು?

ನಮ್ಮ ಮನೆಯಲ್ಲಿ ಯಾರದ್ದು ಎಂಬ ಜಾಗ ಇಲ್ಲ. ಟ್ರಂಕು ಎಲ್ಲರದ್ದು. ಅಕ್ಕಿ ಡಬ್ಬಿಯಲ್ಲಿಟ್ಟರೆ ಅಮ್ಮನ ಕೈಗೆ ಸಿಗುತ್ತದೆ. ದೇವರ ಪಟದ ಹಿಂದೆ ಒರಲೆ. ಮಾಡಿನ ಸಂದಿಯಲ್ಲಿ ಅಪ್ಪ ಬೀಡಿ ಇಡುತ್ತಾರೆ. ಇವತ್ತು ರವಿಕೆಯೊಳಗೆ ಇಟ್ಟುಕೊಂಡು ಅಡಿಕೆ ಸುಲಿದೆ. ಬೆವರಿಗೆ ಒದ್ದೆಯಾಗಿದೆ.

ನವೆಂಬರ್ ೨೯

ಸುನೀಲಣ್ಣ ಅಟ್ಟ ಹತ್ತಿ ಹಗ್ಗ ಹುಡುಕುವಾಗ ಕಾಗದ ಸಿಕ್ಕಿತು. ಲ್ಯಾಪ್‌ಟಾಪಿನ ಚೀಲದ ಒಳಜೇಬಿನಲ್ಲಿತ್ತು.

"ಇದೆಂತದೆ? ಇಂಗ್ಲಿಷ್ ಕಲೀತಿದೀಯಾ?"

ಹೂಂ ಅಂದೆ.

"ಅರ್ಥ ಬರ್ಕೊಳ್ದೆ ಬರೀ ಶಬ್ದ ಬರ್ದ್ರೆ ಎಂತ ಬಂತು? ಕೊಡು, ಪೋಟೋ ಹೊಡ್ಕೊಂಡು ಅರ್ಥ ಹುಡ್ಕಿ ಕೊಡ್ತೆ."

ಕೈಯಿಂದ ಕಿತ್ತುಕೊಂಡೆ. ಅಣ್ಣನ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು ಇದೇ ಮೊದಲು. ಅವನು ನಗುತ್ತಾ, "ಓಹೋ, ಯಾರಿಗೆ ಕಾಗ್ದ ಬರೀಲಿಕ್ಕೆ ಹೊರಟಿದಾಳೋ ಇವಳು" ಅಂತ ಅಮ್ಮನಿಗೆ ಕೂಗಿ ಹೇಳಿದ. ಅಮ್ಮ ಒಳಗಿಂದಲೇ, "ಬರೀಲಿ ಬಿಡಾ, ಬಾಯಲ್ಲಂತೂ ಹೇಳುವವಳಲ್ಲ" ಅಂದಳು.

ಸಾಕಾಯಿತು. ಬಚ್ಚಲ ಒಲೆಯ ಮುಂದೆ ಕೂತು, ಕಾಗದ ಮೊಣಕಾಲ ಮೇಲಿಟ್ಟುಕೊಂಡು, ಬಾಯಿಪಾಠ ಆಗುವ ತನಕ ಹೇಳಿಕೊಂಡೆ. ಆಮೇಲೆ ಒಲೆಗೆ ಹಾಕಿದೆ. ಈಗ ಯಾರಿಗೂ ಸಿಗುವುದಿಲ್ಲ. ಮಧುರಕ್ಕನಿಗೆ ಹೇಳಿಲ್ಲ.

ಡಿಸೆಂಬರ್ ೩

ಬಾಯಿಪಾಠ ನಿಲ್ಲುವುದಿಲ್ಲ. ಇವತ್ತು ಏಳನೆಯದಕ್ಕೆ ಬಂದು ತಡೆಯಿತು. ಕತ್ತಿಗೆ ಬೆರಳು ತಾಗಿತು. ಸ್ವಲ್ಪ ಹೊತ್ತಿಗೆ ನೆನಪಾಯಿತು.

ಮಗ್ಗಿ ಕಲಿತದ್ದು ಹೇಗೆ? ರಾಗದಲ್ಲಿ. ಇದನ್ನೂ ಹಾಗೇ ಮಾಡಿದೆ. ಹಸೆ ಬರೆಯುವಾಗ ಅಜ್ಜಿ ಒಂದು ಹಾಡು ಹೇಳುತ್ತಿದ್ದಳು, ಅದರ ಧಾಟಿಗೆ. ಸಾಲಿಗೆ ಮೂರು ಶಬ್ದ, ನಾಲ್ಕು ಸಾಲು. ಮಧ್ಯೆ ಒಂದೊಂದು ಅವ್ವಯ್ಯಾ ಸೇರಿಸಿದರೆ ಸರಿಯಾಗಿ ಕೂರುತ್ತದೆ. ರಾಗ ಇದ್ದರೆ ಕ್ರಮ ತಪ್ಪುವುದಿಲ್ಲ. ಒಂದು ಶಬ್ದ ಬಿಟ್ಟರೆ ರಾಗವೇ ಎಡವುತ್ತದೆ.

ಮಧುರಕ್ಕ ಪರೀಕ್ಷೆಗೆ ಚೂರು ದುಡ್ಡು ಕಳಿಸಿದ್ದರು. ವಾಲೆಟ್ಟಿನ ವಿಳಾಸ ಯಾರಿಗೆ ಕೊಟ್ಟರೂ ಅಡ್ಡಿಯಿಲ್ಲವಂತೆ, ಅದು ಮನೆ ನಂಬರಿನ ಹಾಗೆ. ಶಬ್ದ ಮಾತ್ರ ಬೀಗದ ಕೈ. ಚೂರು ಬಂದು ಕೂತಿದೆ. ಸಂಜೆ ನೋಡಿದೆ, ಬೀಗ ಹಾಕಿ ಮುಚ್ಚಿದೆ.

ಡಿಸೆಂಬರ್ ೯

ಅಂಗಳದಲ್ಲಿ ಗುನುಗುತ್ತಿದ್ದೆ. ಗೊತ್ತಿಲ್ಲದೆ. ಕೈ ಸುಲಿಯುತ್ತದೆ, ಬಾಯಿ ತನ್ನ ಪಾಡಿಗೆ. ಮುರಿಗೆವ್ವ ಕತ್ತಿ ನಿಲ್ಲಿಸಿ ಕೇಳಿಸಿಕೊಂಡಳು.

"ಏನ್ ಹಾಡವ್ವಾ ಅದು? ನಿನ್ನ ಬಾಯಾಗ ಹಾಡ ಐತಂತ ಗೊತ್ತ ಇರಲಿಲ್ಲ."

"ಏನೂ ಇಲ್ಲ."

"ಇಲ್ಲಂದ್ರ ಹೆಂಗ? ಕೇಳಸ್ತಲ್ಲ. ಇನ್ನೊಂದ ಸರತಿ ಅನ್ನ."

ನಾನು ತಲೆ ತಗ್ಗಿಸಿದೆ. ಅವಳೇ ಮೊದಲ ಸಾಲು ಎತ್ತಿದಳು. ಕೇಳಿದ್ದು ಒಂದೇ ಸಲ, ರಾಗ ಚೂರೂ ತಪ್ಪಲಿಲ್ಲ. ಅವಳ ಜೊತೆಯವರು ನಾಲ್ಕು ಮಂದಿ ಅದನ್ನೇ ಹಿಂದೆ ಹೇಳಿದರು. ಅವರ ಕಡೆ ಹಾಗೆಯೇ ಅಂತೆ. ಒಬ್ಬಳು ಹಾಡಿದರೆ ಕೇಳಿದವರು ಅದನ್ನೇ ಹಿಂದೆ ಹೇಳಿ ಸೊಲ್ಲು ಕೊಡಲೇಬೇಕು.

"ಸೊಲ್ಲ ಕೊಡದಿದ್ರ ಹಾಡಿದಾಕಿಗೆ ಹಾಡ ಭಾರ ಆಕ್ಕೈತಿ. ಒಬ್ಬಾಕೀನ ಹೊರಬಾರದು ಹಾಡ."

ಮುಂದಿನ ಸಾಲು ಬಾಯಿಗೆ ಬಂದೇ ಬಿಟ್ಟಿತು. ಸಣ್ಣ ಸ್ವರದಲ್ಲಿ ಹೇಳಿದೆ. ಅವರು ದೊಡ್ಡ ಸ್ವರದಲ್ಲಿ ಸೊಲ್ಲು ಕೊಟ್ಟರು.

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ — ಚೆನ್ನಾಗಿತ್ತು.

ಡಿಸೆಂಬರ್ ೧೯

ಈಗ ಇಡೀ ಅಂಗಳ ಹಾಡುತ್ತದೆ. ನಮ್ಮ ಊರಿನವರೂ ಕಲಿತಿದ್ದಾರೆ. ಯಾರಿಗೂ ಅರ್ಥ ಗೊತ್ತಿಲ್ಲ. "ಎಂತದೆ ಇದು, ತೆಲುಗಾ?" ಅಂತ ಒಬ್ಬಳು ಕೇಳಿದ್ದಕ್ಕೆ ಮುರಿಗೆವ್ವ, "ಇಂಗ್ರಜಿ. ನಮ್ಮ ಚೇತನಾ ಕಟ್ಟ್ಯಾಳ" ಅಂದಳು. ಹೆಮ್ಮೆಯಿಂದ. ಸುಲಿಯುವ ಕೈಗಳೂ ಹಾಡಿನ ಲಯಕ್ಕೇ ಓಡುತ್ತಿವೆ. ಹೆಗಡೇರು ಜಗಲಿಯಲ್ಲಿ ನಿಂತು, "ಹಾಡ್ರೆ ಹಾಡ್ರೆ, ಅಡಿಕೆನೂ ಬೇಗ ಮುಗೀತು" ಅಂತ ನಕ್ಕರು.

ಅವರ ಮೊಮ್ಮಗಳು ದೀಕ್ಷಿತಾ ರಜಕ್ಕೆ ಹುಬ್ಬಳ್ಳಿಯಿಂದ ಬಂದಿದ್ದಾಳೆ. ಮೊಬೈಲು ಎತ್ತಿ ಹಿಡಿದು ನಮ್ಮ ಮುಂದೆಯೇ ಕೂತಿದ್ದಳು. ನಾನು ಮುಖಕ್ಕೆ ಸೆರಗು ಅಡ್ಡ ಹಿಡಿದೆ. ಹಾಡು ನಿಲ್ಲಿಸಲಿಲ್ಲ.

ಡಿಸೆಂಬರ್ ೨೨, ಭಾನುವಾರ

ಬಟ್ಟೆಯವರ ದುಡ್ಡು ಬಂತು. ಪೂರ್ತಿ. ಕೋಣೆಗೆ ಸಾಕು.

ಪ್ಯಾನ್ ಕಾರ್ಡು ಬರುವ ತನಕ ಅಲ್ಲೇ ಇರಲಿ, ಆಮೇಲೆ ರೂಪಾಯಿ ಮಾಡಿಕೊಳ್ಳುವ ಅಂದರು ಮಧುರಕ್ಕ. ಹಿತ್ತಲಿಗೆ ಹೋಗಿ ನಿಂತು ನೋಡಿದೆ. ಬಾಳೆಯ ಬುಡದಿಂದ ಬಾವಿಕಟ್ಟೆಯ ತನಕ. ಬಾಗಿಲು ಪೂರ್ವಕ್ಕೆ.

ಫೋನು ಇಡುವ ಮುಂಚೆ ಅವರು, "ಕಾಗದ ಎರಡೂ ಬೇರೆ ಬೇರೆ ಕಡೆ ಇದ್ಯಲ್ಲ?" ಅಂದರು.

"ಹೂಂ."

"ಯಾರೂ ನೋಡಿಲ್ಲ? ಯಾರ ಕಿವಿಗೂ ಬಿದ್ದಿಲ್ಲ?"

ಕೈಯಲ್ಲಿದ್ದ ಫೋನು ತಣ್ಣಗಾದ ಹಾಗೆ ಅನಿಸಿತು. ಇಲ್ಲ ಅಂದೆ.

ನೋಡಿಲ್ಲ. ಕಾಗದವೇ ಇಲ್ಲ. ಕಿವಿಗೆ… ಅಂಗಳದಲ್ಲಿ ಎಷ್ಟು ಕಿವಿ. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ? ನನಗೆ ಅದು ಹಾಡಾಗಿ ಹೋಗಿತ್ತು. ಶಬ್ದ ಅಂತ ಅನಿಸುತ್ತಲೇ ಇರಲಿಲ್ಲ.

ಡಿಸೆಂಬರ್ ೨೩

ಹಾಡು ಶುರುವಾಯಿತು. ನಾನು, "ಆ ಹಾಡು ಬೇಡ" ಅಂದೆ. ಯಾರಿಗೂ ಕೇಳಲಿಲ್ಲ. ಮತ್ತೊಂದು ಸಲ ಅಂದೆ. ಸ್ವರ ಒಡೆದು ಕೂಗಿದ ಹಾಗೆ ಬಂತು. ಎಲ್ಲರ ಕತ್ತಿಯೂ ನಿಂತಿತು.

ಮುರಿಗೆವ್ವ ಕೇಳಿದಳು. "ಯಾಕವ್ವಾ? ಏನ ತಪ್ಪ ಹಾಡಿದ್ವಿ?"

"ತಪ್ಪಲ್ಲ. ಬೇಡ."

"ನಮ್ಮ ಬಾಯಾಗ ಬಂದ್ರ ಎಂಜಲಾತೇನ ನಿನ್ನ ಹಾಡ?"

ಹೇಳಬೇಕಾಗಿತ್ತು. ಬಾಯಿ ಕಟ್ಟಿತು. ಸಂಜೆಯವರೆಗೆ ಸುಲಿಯುವ ಸದ್ದು ಬಿಟ್ಟು ಬೇರೇನೂ ಇಲ್ಲ. ಹನಿ ತೊಟ್ಟಿಕ್ಕಿದ ಹಾಗೆ. ಇವತ್ತಿನಷ್ಟು ಕೈ ಸೋತದ್ದು ಈ ವರ್ಷವೇ ಇಲ್ಲ.

ಡಿಸೆಂಬರ್ ೨೬

ದಿನಾ ಸಂಜೆ ನೋಡುತ್ತೇನೆ. ಇದೆ. ಮಧುರಕ್ಕನಿಗೆ ಹೇಳಬೇಕು. ಏನು ಹೇಳುವುದು — ನೀವು ಅಷ್ಟು ಹೇಳಿಕೊಟ್ಟದ್ದನ್ನು ಅಂಗಳದಲ್ಲಿ ಹಾಡಿದೆ ಅಂತಲೇ? ಹೇಳಿದರೂ ಏನಾಗುತ್ತದೆ. ಶಬ್ದ ಹುಟ್ಟಿನಿಂದ ಬಂದ ಹೆಸರಿನ ಹಾಗೆ, ಬದಲಾಗುವುದಿಲ್ಲ. ಮೂರು ಸಲ ಫೋನು ಕೈಗೆ ತೆಗೆದುಕೊಂಡು ಕೆಳಗಿಟ್ಟೆ.

ಜನವರಿ ೨, ಗುರುವಾರ

ಇಲ್ಲ.

ಸೊನ್ನೆ. ಎರಡು ಸಲ ಮುಚ್ಚಿ ತೆರೆದೆ. ಸೊನ್ನೆ. ಪರೀಕ್ಷೆಗೆ ಹಾಕಿದ ಚೂರೂ ಇಲ್ಲ. ಯಾರಿಗೆ ಹೋಯಿತು ಎಂಬಲ್ಲಿ ಒಂದು ಉದ್ದದ ಸಾಲು, ಅಕ್ಷರ ಮತ್ತು ಅಂಕಿ. ಹೆಸರಿಲ್ಲ, ಊರಿಲ್ಲ.

ಅಮ್ಮ, "ಊಟ ಆರ್ತದೆ ಬಾರೆ" ಅಂತ ಕರೆದಳು. ಹೋಗಿ ಉಂಡೆ. ಸಾರಿಗೆ ಉಪ್ಪು ಸಾಲದು ಅಂತ ಅಪ್ಪ ಅಂದರು. ನನಗೆ ಗೊತ್ತಾಗಲಿಲ್ಲ.

ಜನವರಿ ೪

ಮುರಿಗೆವ್ವನ ಮೊಮ್ಮಗ ಹಾವೇರಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನಂತೆ. ಮೊದಲೇ ಹೇಳಿದ್ದಳು, ನಾನು ಹೂಂ ಅಂದಿದ್ದೆ. ದಿನಾ ಸಂಜೆ ಅವನಿಗೆ ಫೋನು ಮಾಡಿ ಮಾತಾಡುತ್ತಾಳೆ. ಅಂಗಳದಲ್ಲಿ ಏನಾಯಿತು, ಏನು ಉಂಡೆ, ಏನು ಹಾಡಿದೆ… ಎಲ್ಲ.

ಇವತ್ತು ಅವಳ ಪಕ್ಕ ಕೂರಲಿಲ್ಲ. ಮೆಟ್ಟುಗತ್ತಿ ಎತ್ತಿಕೊಂಡು ಕಂಬದ ಆಚೆ ಕೂತೆ. ಅವಳು ನೋಡಿದಳು. ಎಲೆ ಅಡಿಕೆ ಹಾಕಿಕೊಂಡಳು. ದಿನವಿಡೀ ಮಾತಾಡುವವಳು ಇವತ್ತು ಮಾತಾಡಲಿಲ್ಲ.

ಜನವರಿ ೭

ಸುನೀಲಣ್ಣ ಶಿರಸಿಯಿಂದ ಬಂದವನೇ ರಿಕ್ಷಾ ನಿಲ್ಲಿಸಿ, ಒಳಗೆ ಓಡಿ ಬಂದ.

"ಅಮ್ಮಾ, ಇಲ್ಲಿ ಕಾಣು. ನಿನ್ನ ಮಗಳು ಊರೆಲ್ಲ ಹೆಸರಾಗಿದಾಳೆ."

ರೀಲು. ಹೆಗಡೇರ ಅಂಗಳ. ಅಡಿಕೆ ರಾಶಿ, ಮುರಿಗೆವ್ವ, ನನ್ನ ಸೆರಗು. ನಾನು ಒಂದು ಸಾಲು, ಅವರು ಒಂದು ಸಾಲು. ನಾಲ್ಕೂ ಸಾಲು ಸ್ಪಷ್ಟ. ದೀಕ್ಷಿತಾ ಹಾಕಿದ್ದು, ಕ್ರಿಸ್‌ಮಸ್ ಮುಂಚೆಯೇ. ಕೆಳಗೆ ಬರೆದಿದ್ದಾಳೆ — ನಮ್ಮ ಸಿದ್ದಾಪುರದ ಅಕ್ಕಂದಿರ ಇಂಗ್ಲಿಷ್ ಜನಪದ.

"ನಿನ್ನ ಸ್ವರ ಇಷ್ಟು ಚೆಂದ ಅಂತ ಗೊತ್ತೇ ಇರ್ಲಿಲ್ಲಲೆ," ಅಂದ ಅಣ್ಣ. ಅಮ್ಮ ಕಣ್ಣೊರೆಸಿಕೊಂಡಳು. ಕಣ್ಣಿಗೆ ಹೊಗೆ ಹೋಗಿದೆ ಅಂದಳು, ಒಲೆ ಉರಿಯುತ್ತಲೇ ಇರಲಿಲ್ಲ.

ಕೆಳಗೆ ಎಷ್ಟೋ ಮಂದಿ ಬರೆದಿದ್ದರು. ಹೂವು, ಹೃದಯ, ಕೈಮುಗಿದ ಚಿತ್ರ. ಅಣ್ಣ ಒಂದೊಂದಾಗಿ ಓದಿದ. ನಡುವೆ ಒಂದು — "ಸರಿಯಾಗಿ ಹನ್ನೆರಡು ಶಬ್ದ. ಯಾರದ್ದೋ ಖಜಾನೆ ಬಾಯಿ ಬಿಟ್ಟ ಹಾಗಿದೆಯಲ್ಲ." ಮುಂದೆ ನಗುವ ಮುಖಗಳು.

"ಇವಂಗೆಂತ ಮರ್ಲಾ?" ಅಂದ ಅಣ್ಣ. ಮುಂದಿನದಕ್ಕೆ ಹೋದ.

ಮುರಿಗೆವ್ವ ಅಲ್ಲ. ಅವಳ ಮೊಮ್ಮಗನೂ ಅಲ್ಲ. ಅಂಗಳದ ಯಾರೂ ಅಲ್ಲ.

ಜನವರಿ ೮, ಬುಧವಾರ

ಕೆಲಸಕ್ಕೆ ಹೋಗಲಿಲ್ಲ. ಬಸ್ಸು ಹತ್ತಿ ಶಿರಸಿ. ಮಧುರಕ್ಕನ ಮನೆಯ ಜಗಲಿಯಲ್ಲಿ ಕೂತು ಹೇಳಿದೆ. ಒಂದನ್ನೂ ಬಿಡಲಿಲ್ಲ. ಕಾಗದ ಸುಟ್ಟದ್ದು, ಎರಡು ಕಾಗದ ಅಂತ ಸುಳ್ಳು ಹೇಳಿದ್ದು.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಚೇತನಾ, ಹಾಡಿದ್ದು ಗೊತ್ತಾಯ್ತಲ್ಲ, ಆ ದಿನ ನಂಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಹೊಸ ವಾಲೆಟ್ ಮಾಡಿ, ಹೊಸ ಶಬ್ದ ತಗೊಂಡು, ದುಡ್ಡು ಅದಕ್ಕೆ ದಾಟಿಸ್ಬಹುದಿತ್ತು. ಅರ್ಧ ಗಂಟೆ ಕೆಲಸ."

ದಾಟಿಸಬಹುದು ಅಂತ ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ. ಇಪ್ಪತ್ತೆರಡನೇ ತಾರೀಕಿನಿಂದ ಎರಡನೇ ತಾರೀಕಿನವರೆಗೆ ಅದು ಅಲ್ಲೇ ಇತ್ತು. ನಾನು ದಿನಾ ನೋಡುತ್ತಿದ್ದೆ.

"ಅವ್ರು ಹಾಡಿದ್ದು ಅರ್ಧಂಬರ್ಧ ಇತ್ತಲ್ಲ ಅಕ್ಕ, ಉಚ್ಚಾರ…"

"ಆ ಶಬ್ದಗಳಿಗೆ ಒಂದು ಪಟ್ಟಿ ಇರ್ತದೆ, ಎಲ್ಲರಿಗೂ ಸಿಗೂದು. ಅರ್ಧ ಕೇಳಿದ್ರೂ ಹೊಂದಿಸ್ತಾರೆ, ಗೊತ್ತಿದ್ದವ್ರು."

ಸುಬ್ಬಲಕ್ಷ್ಮಿ ಅಮ್ಮ ಚಾ ತಂದು ಇಟ್ಟರು. ಮಗಳಿಗೆ, "ಪಾಪ, ಕೂಸಿಗೆ ಎಂತಕ್ಕೆ ಅಷ್ಟು ಹೇಳ್ತೆ? ಮದ್ಲು ಚಾ ಕುಡೀಲಿ" ಅಂದರು. ನನ್ನ ಕಡೆ ತಿರುಗಿ, "ನಾನೂ ಆ ಹಾಡನ್ನ ಪಕ್ಕದ ಮನೆಯವ್ರ ಮೊಬೈಲಲ್ಲಿ ಕೇಳಿದ್ದೆ ಕಣೆ. ನಿನ್ನೆ ಪೂಜೆಗೆ ಹೂ ಕೊಯ್ಯುವಾಗ ಬಾಯಿಗೆ ಬಂತು" ಅಂದರು. ಮಧುರಕ್ಕ ಕಣ್ಣು ಬಿಟ್ಟು ಅಮ್ಮನನ್ನು ನೋಡಿದರು. ನನಗೆ ನಗು ಬಂತು, ಅದರ ಜೊತೆಗೇ ಅಳುವೂ.

ಯುಗಾದಿ ಕಳೆದ ಮೇಲೆ ಬಟ್ಟೆಯವರಿಂದ ಮತ್ತೆ ಸ್ವಲ್ಪ ದುಡ್ಡು ಬರುವುದಿದೆಯಂತೆ. ಮೊದಲಿನಷ್ಟಲ್ಲ. ಗೋಡೆಗೂ ಸಾಲದು. ಹಳೆಯ ವಿಳಾಸಕ್ಕೆ ಕಳಿಸಬೇಡಿ ಅಂತ ಬಟ್ಟೆಯವರಿಗೆ ನನ್ನ ಎದುರೇ ಬರೆದರು. ಹೊಸದು ಮಾಡಿಕೋ ಅಂದರು. ಹೂಂ ಅಂದೆ. ಸುಸ್ತು.

ಜನವರಿ ೯

ಮೆಟ್ಟುಗತ್ತಿ ಎತ್ತಿಕೊಂಡು ಮತ್ತೆ ಮುರಿಗೆವ್ವನ ಪಕ್ಕ ಕೂತೆ. ಅವಳು ಸರಿದು ಜಾಗ ಕೊಟ್ಟಳು. ಊಟದ ಹೊತ್ತಿಗೆ ಎಲ್ಲ ಹೇಳಿದೆ, ಕಟ್ಟಿಸಬೇಕೆಂದಿದ್ದ ಕೋಣೆಯನ್ನೂ. ಅವಳ ಮೇಲೆ ಸಂಶಯ ಪಟ್ಟದ್ದನ್ನೂ ಹೇಳಿದೆ.

ಅವಳು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

"ಹಂಗಾರ ನಿನ್ನ ಕ್ವಾಣಿನ ನಾವು ಹಾಡಿ ಹಾಡಿ ಕೆಡವಿದ್ವಿ."

"ನಿಮ್ಮ ತಪ್ಪಲ್ಲ."

"ತಪ್ಪಂತ ಯಾರಂದ್ರು? ಕೆಡವಿದ್ವಿ ಅಂದೆ." ರೊಟ್ಟಿ ಮುರಿದು, "ನನ್ನ ಮೊಮ್ಮಗಗ ತನ್ನ ಪೋನಿನ ಪಾಸ್ವರ್ಡ ನೆನಪಿರಂಗಿಲ್ಲವ್ವಾ. ಕಳುವ ಮಾಡಾಕ ಬುದ್ಧಿ ಬೇಕಲ್ಲ" ಅಂದಳು. ನಕ್ಕಳು. ನನಗೆ ಮುಖ ಎತ್ತಲು ಆಗಲಿಲ್ಲ.

ಆಮೇಲೆ ಅವಳೇ ಹೇಳಿದಳು. "ನೀ ಮಾಡಿದ ತಪ್ಪ ಬ್ಯಾರೆ. ತನ್ನ ಗಂಟ ತನ್ನ ಮನ್ಯಾಗ ಇಡಾಕ ಹೋದಿ. ನಮ್ಮ ಊರಾಗ ಹೆಂಗಸರು ಹಂಗ ಇಡಂಗಿಲ್ಲ. ಮನ್ಯಾಗ ಇಟ್ರ ಗಂಡ ಹುಡಕತಾನ, ಮಗ ಹುಡಕತಾನ. ಗೆಳತಿ ಮನ್ಯಾಗ ಇಡತಾರ. ಆಕಿ ಗಂಟ ಈಕಿ ಮನ್ಯಾಗ, ಈಕಿ ಗಂಟ ಆಕಿ ಮನ್ಯಾಗ. ನಮ್ಮವ್ವನ ಬೆಳ್ಳಿ ಕಡಗ ಅಕಿ ಗೆಳತಿ ಮನಿ ಕಾಳಿನ ಗಡಿಗ್ಯಾಗ ಇದ್ವು, ಅಕಿ ಸಾಯೂ ಮಟ. ಸತ್ತ ಮ್ಯಾಗ ಗೆಳತಿ ತಂದ ಕೊಟ್ಟಳು. ಕಟ್ಟಿದ ಗಂಟ ಕಟ್ಟಿದಂಗ."

"ಬಿಚ್ಚಿ ನೋಡೂದಿಲ್ವಾ?"

"ಗೆಳತಿ ಗಂಟ ಬಿಚ್ಚಿದಾಕಿ ಮನ್ಯಾಗ ಒಲಿ ಹತ್ತಂಗಿಲ್ಲ."

ಜನವರಿ ೧೨, ಭಾನುವಾರ

ಮತ್ತೆ ಮಾಡಿದೆ. ವಿಳಾಸ ಅಕ್ಷರ ಅಕ್ಷರ ಒತ್ತಿ, ಜಾಹೀರಾತು ಮುಟ್ಟದೆ. ಫೋನಿನ ಆ ಕಡೆ ಮಧುರಕ್ಕ. ಹೊಸ ಪಾಸ್‌ವರ್ಡ್. ಹೊಸ ಹನ್ನೆರಡು. ಈ ಸಲ ಎರಡು ಕಾಗದ ಬರೆದೆ, ಒಂದನ್ನೊಂದು ಹೋಲಿಸಿದೆ. ಬಾಯಲ್ಲಿ ಹೇಳಿಕೊಳ್ಳಲಿಲ್ಲ. ತುಟಿಯನ್ನೂ ಅಲ್ಲಾಡಿಸಲಿಲ್ಲ. ರಾಗ ಬರುತ್ತದೆಯೋ ಎಂಬ ಹೆದರಿಕೆಗೆ ಬರೆಯುವಾಗ ಕೆಳತುಟಿ ಕಚ್ಚಿ ಹಿಡಿದಿದ್ದೆ.

ಅಣ್ಣ ಅಟ್ಟದ ಕೆಳಗಿನಿಂದ, "ಎಂತ ಮಾಡ್ತಿದೀಯೆ? ಹೊಸ ಹಾಡಾ?" ಅಂದ.

"ನನ್ನ ಕೆಲಸ. ಮೇಲೆ ಬರ್ಬೇಡ," ಅಂದೆ.

ಅಂದದ್ದು ನಾನೇ. ಅವನು ಬರಲಿಲ್ಲ. ಇಷ್ಟು ಸುಲಭ ಇತ್ತೇ ಇದು.

ಒಂದು ಕಾಗದವನ್ನು ಮಧುರಕ್ಕ ತಮ್ಮ ಬ್ಯಾಂಕಿನ ಲಾಕರಿನಲ್ಲಿ ಇಡುತ್ತಾರೆ, ಲಕೋಟೆಗೆ ಅಂಟು ಹಾಕಿ, ಮೇಲೆ ನನ್ನ ರುಜು. ಇನ್ನೊಂದು?

ಜನವರಿ ೧೫, ಬುಧವಾರ

ಸುಗ್ಗಿ ಮುಗಿಯಿತು. ಹಾವೇರಿಯವರು ಇವತ್ತು ಹೊರಟರು. ಬಸ್ ಸ್ಟ್ಯಾಂಡಿಗೆ ಹೋದೆ. ಹಬ್ಬದ ಮರುದಿನ, ಜನ ತುಂಬಿದ್ದರು. ಮುರಿಗೆವ್ವ ಚೀಲ, ಕೊಡ, ಮೆಟ್ಟುಗತ್ತಿ ಎಲ್ಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

ಲಕೋಟೆ ಕೊಟ್ಟೆ. ಅಂಟು ಹಾಕಿ, ಮೇಲೆ ಮೇಣ ಸುರಿದು, ಕೆಂಪು ಬಟ್ಟೆಯಲ್ಲಿ ಹೊಲಿದಿದ್ದೆ. ಮಧುರಕ್ಕನಿಗೆ ಹೇಳಿದಾಗ ಅವರು, "ನಿಂದು, ನಿನ್ನ ಇಷ್ಟ" ಅಂದಿದ್ದರು.

ಅವಳು ಕೈಯಲ್ಲಿ ತೂಗಿ ನೋಡಿದಳು. ಕೇಳಲಿಲ್ಲ. ಎಲೆ ಅಡಿಕೆಯ ಸಂಚಿಯ ಒಳಗಿನ ಪದರಿಗೆ ಇಟ್ಟು, ದಾರ ಎಳೆದು ಗಂಟು ಹಾಕಿದಳು.

"ಸೊಸೀಗೆ ಹೇಳಿ ಇಟ್ಟಿರತೀನಿ, ಸಿದ್ದಾಪುರದ ಹುಡುಗೀದು ಅಂತ. ನಾ ಇದ್ರ ನಾ ತರತೀನಿ. ಇಲ್ಲಂದ್ರ ನೀ ಬಂದ ಒಯ್ಯಿ. ಊರ ನೋಡಿದಂಗ ಆಕ್ಕೈತಿ."

"ಬರ್ತೆ," ಅಂದೆ.

"ನಂದೂ ಒಂದ ನಿನ್ನ ಕಡೆ ಇರಲಿ. ಒಂದ ಕಡೆ ಗಂಟ ಆದ್ರ ಗೆಳೆತನ ಅಲ್ಲ ಅದು." ಸೆರಗಿನ ಒಳಗಿಂದ ಒಂದು ಚಿಂದಿ ಗಂಟು ತೆಗೆದು ನನ್ನ ಕೈಯಲ್ಲಿಟ್ಟಳು. ಹಗುರಾಗಿತ್ತು. ನಾನೂ ಕೇಳಲಿಲ್ಲ.

ಬಸ್ಸು ಬಂತು. ಹತ್ತಿದರು. ಕಿಟಕಿ ಪಕ್ಕ ಅವಳು, ಹಿಂದೆ ಅವಳ ಜೊತೆಯವರು. ಡ್ರೈವರು ಹಾರ್ನು ಹೊಡೆದ. ಅಷ್ಟರಲ್ಲಿ ಅವಳು ಹಾಡು ಎತ್ತಿದಳು. ಆ ಹಾಡು. ಹಳೆಯ ಹನ್ನೆರಡು. ಈಗ ಅದರಲ್ಲಿ ಏನೂ ಇಲ್ಲ, ಯಾರು ಬೇಕಾದರೂ ಹಾಡಬಹುದು.

ಒಂದು ಸಾಲು ಹೇಳಿ ನಿಲ್ಲಿಸಿದಳು. ಹಿಂದಿನವರೂ ಸೊಲ್ಲು ಕೊಡಲಿಲ್ಲ. ಎಲ್ಲರೂ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು. ಸ್ಟ್ಯಾಂಡಿನಲ್ಲಿ ಅಷ್ಟು ಜನ. ಕಂಡಕ್ಟರು, ಕಬ್ಬಿನ ಹಾಲಿನವನು, ಕಾಲೇಜಿನ ಹುಡುಗರು. ಬಸ್ಸು ಹಿಂದೆ ಸರಿಯುತ್ತಿತ್ತು. ಮುರಿಗೆವ್ವ ತಲೆ ಹೊರಗೆ ಹಾಕಿ ನನ್ನ ಸೊಲ್ಲಿಗೆ ಕಾಯುತ್ತಿದ್ದಳು.

ಮೊದಲ ಶಬ್ದ ಜೋರಾಗಿಯೇ ಬಂತು. ಎರಡನೆಯದು ಅದಕ್ಕಿಂತ ಜೋರಾಗಿ.